ನಮ್ಮಕ್ಕನ ಹಳೇ ಹೊಲಿಗೆ ಮಿಷನ್ ವ್ಯಾಪಾರ: ಒಂಬತ್ತು ತಿಂಗಳ ಪೂರ್ತಿ ಲೆಕ್ಕ

ಆನ್‌ಲೈನಲ್ಲಿ ಹಳೇ ಸಾಮಾನು ಮಾರಿ ಕೈಖರ್ಚಿಗೆ ಒಂಚೂರು ದುಡ್ಡು ಮಾಡ್ಕೋಬೋದಾ ಅಂತ ಸುಮಾರು ಜನ ನನ್ನ ಕೇಳ್ತಾರೆ, ಯಾಕಂದ್ರೆ ನಮ್ಮಕ್ಕ ಅದನ್ನ ಮಾಡ್ತಿರೋದು ಅವ್ರಿಗೆ ಗೊತ್ತು. ಆಗುತ್ತೆ ಅಂತನೋ ಆಗಲ್ಲ ಅಂತನೋ ಒಂದೇ ಮಾತಲ್ಲಿ ಹೇಳೋಕೆ ನನ್ ಕೈಲಾಗಲ್ಲ. ಅದಕ್ಕೆ 2025ರ ಜನವರಿಯಿಂದ ಸೆಪ್ಟೆಂಬರ್ ತನಕ ಏನೇನಾಯ್ತು, ಎಷ್ಟು ಬಂತು, ಎಷ್ಟು ಹೋಯ್ತು ಅಂತ ಇಲ್ಲಿ ಪೂರ್ತಿ ಬರೀತಿದೀನಿ. ಫೋಟೋ ತೆಗೆಯೋದು, ಆಡ್ ಹಾಕೋದು, ಲೆಕ್ಕ ಬರೆಯೋದು ನನ್ನ ಪಾಲಿನ ಕೆಲಸ ಆಗಿತ್ತು, ಹಂಗಾಗಿ ಅಂಕಿ ಎಲ್ಲಾ ನೋಟ್‌ಬುಕ್ಕಲ್ಲಿದೆ.

ಅಕ್ಕ ಇರೋದು ಮೈಸೂರಲ್ಲಿ. ಮನೇಲೇ ಬ್ಲೌಸ್ ಹೊಲೀತಾಳೆ, ಸೀರೆಗೆ ಫಾಲ್ಸ್ ಹಾಕ್ತಾಳೆ. ಸೀಸನ್ ಚೆನ್ನಾಗಿದ್ರೆ ತಿಂಗಳಿಗೆ ಆರೇಳು ಸಾವಿರ, ಇಲ್ಲಾಂದ್ರೆ ಮೂರೂ ಕಷ್ಟ. ಭಾವನಿಗೆ ಕೆಲಸದ ಜಾಗದಲ್ಲಿ ಓಟಿ ನಿಲ್ಲಿಸಿಬಿಟ್ರು, ಅದೇ ವರ್ಷ ಮಗನ್ನ ಪಿಯುಸಿಗೆ ಸೇರಿಸಬೇಕಿತ್ತು. ತಿಂಗಳಿಗೆ ಇನ್ನೊಂದು ನಾಲ್ಕು ಸಾವಿರ ಎಲ್ಲಿಂದಾದ್ರೂ ಬರ್ಬೇಕು ಅನ್ನೋದು ಅವಳ ಲೆಕ್ಕ. ಸಾಲ ಬೇಡ ಅಂತ ಮೊದಲೇ ಹೇಳಿದ್ಲು.

ಶುರು ಮಾಡಿದ್ದು ಎಲ್ಲರ ಥರನೇ, ಮನೇಲಿ ಬಿದ್ದಿರೋದನ್ನ ಮಾರೋಣ ಅಂತ. ಸಂಕ್ರಾಂತಿ ಆದ್ಮೇಲೆ ಅಟ್ಟ ಇಳಿಸಿದ್ವಿ. ಮಗನ ಸೈಕಲ್ಲು, ಒಂದು ಮಿಕ್ಸಿ, ಡಬ್ಬಾ ಟಿವಿ, ಕಬ್ಬಿಣದ ಮಂಚ, ಪಕ್ಕದ ಬೀದಿಲಿರೋ ಚಿಕ್ಕಮ್ಮನ ಮಗಳ ಪಿಯುಸಿ ಮತ್ತೆ ಸಿಇಟಿ ಪುಸ್ತಕಗಳು. ಓಎಲ್ಎಕ್ಸಲ್ಲೂ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಲ್ಲೂ ಎರಡೂ ಕಡೆ ಹಾಕಿದ್ವಿ, ಏರಿಯಾದ ವಾಟ್ಸಪ್ ಗ್ರೂಪಲ್ಲೂ ಹಾಕಿದ್ವಿ. ಸೈಕಲ್ 2,200ಕ್ಕೆ ಮಾರನೇ ದಿನವೇ ಹೋಯ್ತು, ಹಂಗೆ ಹೋದಾಗ ಖುಷಿ ಪಡೋಕಿಂತ ಬೆಲೆ ಕಮ್ಮಿ ಇಟ್ವಾ ಅಂತ ಯೋಚ್ನೆ ಮಾಡ್ಬೇಕಿತ್ತು ಅಂತ ಈಗ ಅನ್ಸುತ್ತೆ. ಮಿಕ್ಸಿ 700. ಪುಸ್ತಕ ಫೆಬ್ರವರಿಲಿ ಹಾಕಿದಾಗ ಒಬ್ರೂ ಕೇಳ್ಲಿಲ್ಲ, ಅದೇ ಪುಸ್ತಕ ಮೇ ಕೊನೇಲಿ ಮತ್ತೆ ಹಾಕಿದ್ರೆ ಎರಡೇ ದಿನಕ್ಕೆ 1,400 ಬಂತು. ಕಾಲೇಜು ಶುರುವಾಗೋ ಹೊತ್ತಲ್ಲಿ ಪುಸ್ತಕ ಕೇಳ್ತಾರೆ, ಫೆಬ್ರವರಿಲಿ ಯಾರಿಗೆ ಬೇಕು. ಟಿವಿನ ಗುಜರಿಯವ್ರು ಸುಮ್ನೆ ಎತ್ಕೊಂಡು ಹೋದ್ರೆ ಸಾಕು ಅನ್ನೋ ಹಂಗಾಯ್ತು.

ಮಂಚದ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಹೊಸಬರು ಎಡವೋದು ಇಲ್ಲೇ. 2,500 ಅಂತ ಹಾಕಿದ್ವಿ. ಆಡ್ ಹಾಕಿ ಅರ್ಧ ಗಂಟೆ ಆಗಿಲ್ಲ, ಹಿಂದಿಲಿ ಫೋನು. ನಾನು ಮಿಲಿಟರಿಲಿದೀನಿ, ಮೈಸೂರಿಗೆ ಪೋಸ್ಟಿಂಗ್ ಆಗಿದೆ, ಮಂಚ ಬೇಕು, ರೇಟ್ ಓಕೆ, ಚೌಕಾಸಿ ಇಲ್ಲ. ಯೂನಿಫಾರ್ಮ್ ಹಾಕಿರೋ ಫೋಟೋ, ಐಡಿ ಕಾರ್ಡು ಎರಡೂ ವಾಟ್ಸಪ್ಪಿಗೆ ಬಂತು. ಅಕ್ಕನಿಗೆ ಹಿಂದಿ ಅಷ್ಟಕ್ಕಷ್ಟೇ. ನಮ್ಮ ಅಕೌಂಟಿಂದ ದುಡ್ಡು ಬರ್ಬೇಕಂದ್ರೆ ಈ ಕ್ಯೂಆರ್ ಸ್ಕ್ಯಾನ್ ಮಾಡ್ಬೇಕು, ಮೊದಲು ಒಂದು ರೂಪಾಯಿ ಹಾಕಿ ನೋಡಿ ಅಂದ. ಹಾಕಿದ್ಲು, ಎರಡು ರೂಪಾಯಿ ವಾಪಸ್ ಬಂತು. ನಂಬಿಕೆ ಬಂದ್ಬಿಡ್ತು. ಎರಡನೇ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ಲು, 2,500 ಹೋಯ್ತು.

ಅವತ್ತು ಅವಳು ಯಾರಿಗೂ ಹೇಳ್ಲಿಲ್ಲ. ಮಾರನೇ ದಿನ ಸಂಜೆ ನಾನು ಮಂಚ ಏನಾಯ್ತು ಅಂದಾಗ ಅಳೋಕೆ ಶುರು ಮಾಡಿದ್ಲು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ವಿ, ಆ ದುಡ್ಡು ವಾಪಸ್ ಬಂದಿಲ್ಲ. ಮೋಸ ಆದ ತಕ್ಷಣ ಫೋನ್ ಮಾಡಿದ್ರೆ ದುಡ್ಡು ಮುಂದಿನ ಅಕೌಂಟಿಗೆ ದಾಟೋ ಮೊದಲು ತಡೆಯೋಕೆ ಅವಕಾಶ ಇರುತ್ತೆ, ನಾವು ಒಂದೂವರೆ ದಿನ ಕಳೆದಿದ್ವಿ. ನಾಚಿಕೆಗೆ ಸುಮ್ನಿರೋದೇ ಅವ್ರಿಗೆ ಬೇಕಿರೋದು. ಯುಪಿಐ ಬಂದು 2016ರಿಂದ ಇಷ್ಟು ವರ್ಷ ಆದ್ರೂ ಈ ಒಂದು ವಿಷ್ಯ ಮನೆಮನೆಗೆ ತಲುಪಿಲ್ಲ: ದುಡ್ಡು ಬರೋದಕ್ಕೆ ಪಿನ್ ಬೇಡ. ಕ್ಯೂಆರ್ ಸ್ಕ್ಯಾನ್ ಮಾಡ್ದಾಗ ಪಿನ್ ಕೇಳ್ತು ಅಂದ್ರೆ ದುಡ್ಡು ನಿಮ್ಮಿಂದ ಹೊರಗೆ ಹೋಗ್ತಿದೆ ಅಂತಲೇ ಅರ್ಥ. ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳೋ ಕಲೆಕ್ಟ್ ರಿಕ್ವೆಸ್ಟನ್ನ 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ನಿಲ್ಲಿಸಿದೆ, ಒಳ್ಳೇದೇ, ಆದ್ರೆ ಕ್ಯೂಆರ್ ಕಳಿಸೋ ಆಟಕ್ಕೆ ಅದರಿಂದ ತಡೆ ಬೀಳಲ್ಲ. ಮಂಚನ ಆಮೇಲೆ ಮಾರೋ ಮನಸ್ಸೇ ಬರ್ಲಿಲ್ಲ, ಇನ್ನೂ ಮನೇಲೇ ಇದೆ.

ಅಲ್ಲಿಗೆ ಅಕ್ಕ ಈ ಸಹವಾಸನೇ ಬೇಡ ಅಂದಿದ್ಲು. ಆದ್ರೆ ಮನೇಲಿ ಅವಳ ಎರಡನೇ ಮಿಷನ್ ಒಂದಿತ್ತು, ಕಪ್ಪು ಬಣ್ಣದ ತುಳಿಯೋ ಉಷಾ, ಮೋಟಾರ್ ಮಿಷನ್ ತಗೊಂಡ್ಮೇಲೆ ಅದರ ಮೇಲೆ ಬರೀ ಬಟ್ಟೆ ಗುಡ್ಡೆ ಬೀಳ್ತಿತ್ತು. ಗುಜರಿಯವ್ರು 600 ಕೊಡ್ತೀವಿ ಅಂದಿದ್ರು. ಇದೊಂದನ್ನ ಹಾಕಿ ನೋಡೋಣ ಅಂತ ಮಾರ್ಚಲ್ಲಿ ಹಾಕಿದ್ವಿ. ಸಂಜೆಯೊಳಗೆ ಏಳು ಫೋನು. ಏಳೂ ಜನ ಕೇಳಿದ್ದು ಹೆಚ್ಚುಕಮ್ಮಿ ಅದೇ ನಾಲ್ಕು ಪ್ರಶ್ನೆ, ಮಧ್ಯೆ ಮಧ್ಯೆ ಹೊಲಿಗೆ ಬಿಡುತ್ತಾ, ಟೇಬಲ್ ಸ್ಟ್ಯಾಂಡ್ ಸಮೇತನಾ, ಮೋಟಾರ್ ಕೂರಿಸ್ಬೋದಾ, ಜೀನ್ಸ್ ಹೊಲಿಯುತ್ತಾ. ಸೈಕಲ್ ಮಾರುವಾಗ ಗೇರ್ ಎಷ್ಟು ಅಂದ್ರೆ ನನ್ನ ಮುಖ ನೋಡ್ತಿದ್ದ ಅಕ್ಕ ಇಲ್ಲಿ ಒಂದು ಕ್ಷಣ ತಡವರಿಸ್ಲಿಲ್ಲ. ನಂಬರ್ 16 ಸೂಜಿ ಹಾಕ್ಕೊಂಡ್ರೆ ಜೀನ್ಸ್ ಎರಡು ಮಡಿಕೆ ಹೊಲಿಯುತ್ತೆ, ನಾಲ್ಕು ಮಡಿಕೆಗೆ ಕೈಲಿ ವೀಲ್ ತಿರುಗಿಸ್ಬೇಕು ಅಂತ ಇದ್ದದ್ದು ಇದ್ದಂಗೆ ಹೇಳಿದ್ಲು. 3,800ಕ್ಕೆ ಹೋಯ್ತು. ತಗೊಂಡೋರು ಚೌಕಾಸಿ ಮಾಡಿದ್ದು 200 ರೂಪಾಯಿಗೆ ಮಾತ್ರ.

ಈ ಕಥೇಲಿ ತಿರುವು ಅಂತ ಒಂದಿದ್ರೆ ಅದು ಆ ಸಂಜೆ. ಎಲ್ಲಾ ಥರದ ಸಾಮಾನು ಮಾರೋಕೆ ಹೋದಾಗ ನಾವು ಬರೀ ಆಡ್ ಹಾಕೋರು. ಮಿಷನ್ ವಿಷ್ಯದಲ್ಲಿ ಅಕ್ಕ ಇಪ್ಪತ್ತು ವರ್ಷದಿಂದ ಅದರ ಮುಂದೆ ಕೂತಿರೋಳು. ಸೆಕೆಂಡ್ ಹ್ಯಾಂಡಲ್ಲಿ ಜನ ದುಡ್ಡು ಕೊಡೋಕೆ ಹಿಂದೆಮುಂದೆ ನೋಡೋದು ಭಯಕ್ಕೆ, ತಗೊಂಡೋದ್ಮೇಲೆ ಕೈಕೊಟ್ರೆ ಏನ್ ಮಾಡೋದು ಅಂತ. ಆ ಭಯನ ಯಾರು ಕಮ್ಮಿ ಮಾಡ್ತಾರೋ ಅವ್ರಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತೆ.

ಏಪ್ರಿಲಿಂದ ಹಳೇ ಮಿಷನ್ ತಗೊಂಡು ರಿಪೇರಿ ಮಾಡಿ ಮಾರೋದು ಅಂತಾಯ್ತು. ಬಂಡವಾಳ ಅವಳು ಕೂಡಿಟ್ಟಿದ್ದ ಎರಡು ಕಂತಿನ ಗೃಹಲಕ್ಷ್ಮಿ ದುಡ್ಡು 4,000. ಓಡಾಟ ಶಕ್ತಿ ಯೋಜನೆಯ ಉಚಿತ ಬಸ್ಸಲ್ಲಿ, ನಂಜನಗೂಡು, ಬನ್ನೂರು, ಹುಣಸೂರು ಎಲ್ಲಾ ಹೋಗಿ ನೋಡ್ಕೊಂಡು ಬರ್ತಿದ್ಲು, ಮಿಷನ್ ಸರಿಯಿಲ್ಲಾಂದ್ರೆ ಬರೀ ಒಂದು ದಿನ ಹೋಗ್ತಿತ್ತೇ ಹೊರ್ತು ಕೈಯಿಂದ ದುಡ್ಡು ಹೋಗ್ತಿರ್ಲಿಲ್ಲ. ಇದು ಸಣ್ಣ ವಿಷ್ಯ ಅಲ್ಲ. ನೂರೈವತ್ತು ರೂಪಾಯಿ ಬಸ್ ಚಾರ್ಜ್ ಕೊಟ್ಟು ಹೋದೋರು ಹೋಗಿದ್ದಕ್ಕೆ ತಗೊಂಡ್ಬಿಡೋಣ ಅಂತ ತಗೊಂಡ್ಬಿಡ್ತಾರೆ.

ಮಿಷನ್ ಸಿಗೋದು ಎಲ್ಲಿ ಅಂತ ಕೇಳ್ತಾರೆ. ವಯಸ್ಸಾಗಿ ಹೊಲಿಯೋದು ಬಿಟ್ಟೋರ ಮನೇಲಿ, ಮೋಟಾರ್ ಮಿಷನ್ನಿಗೆ ಬದಲಾಯಿಸ್ಕೊಂಡೋರ ಹತ್ರ, ಯಾವುದೋ ಯೋಜನೇಲಿ ಹೊಸ ಮಿಷನ್ ಬಂದೋರ ಹತ್ರ. ಪಿಎಂ ವಿಶ್ವಕರ್ಮ ಅಂತ 2023ರ ಸೆಪ್ಟೆಂಬರಲ್ಲಿ ಶುರುವಾಯ್ತಲ್ಲ, ಅದರ 18 ಕಸುಬಲ್ಲಿ ದರ್ಜಿ ಕೆಲಸವೂ ಒಂದು, ಸಲಕರಣೆಗೆ 15,000 ತನಕ ಸಿಗುತ್ತೆ, ಹಂಗೆ ಹೊಸದು ತಗೊಂಡೋರು ಹಳೇದನ್ನ ಕೊಟ್ಬಿಡ್ತಾರೆ. ಒಂದು ಮಿಷನ್ ಅಂಥೋರಿಂದಲೇ ಬಂತು.

ಮೊದಲನೇದು ಬನ್ನೂರಿಂದ ತಂದಿದ್ದು, 1,500. ವೀಲ್ ತಿರುಗಿಸಿದ್ರೆ ಗಟ್ಟಿ, ಹಿಟ್ಟಲ್ಲಿ ಕೈ ಆಡಿಸ್ದಂಗೆ. ಅಕ್ಕ ವಾಸನೆ ನೋಡಿ ಕೊಬ್ಬರಿ ಎಣ್ಣೆ ಬಿಟ್ಟಿದಾರೆ ಅಂದ್ಲು. ಮಿಷನ್ ಎಣ್ಣೆ ಇಲ್ದಾಗ ತಲೆಗೆ ಹಾಕೋ ಎಣ್ಣೆನೇ ಬಿಡ್ತಾರೆ, ಅದು ಒಳಗೆ ಅಂಟಾಗಿ ಹಳದಿ ಮೇಣದ ಥರ ಕೂತ್ಬಿಡುತ್ತೆ. ಎಲ್ಲೋ ಹುಡುಕಿ ಅರ್ಧ ಬಾಟ್ಲಿ ಸೀಮೆಎಣ್ಣೆ ತಂದು ಒಂದೊಂದು ತೂತಿಗೂ ನಾಲ್ಕು ಹನಿ ಬಿಟ್ಟು ರಾತ್ರಿಯೆಲ್ಲಾ ಇಟ್ಟು, ಬೆಳಿಗ್ಗೆ ಬೆಲ್ಟ್ ತೆಗೆದು ಕೈಲೇ ವೀಲ್ ಆಡಿಸ್ತಾ ಆಡಿಸ್ತಾ ಇದ್ರೆ ಕಂದು ಬಣ್ಣದ ಕೊಳೆ ಇಳಿದು ಬಂತು. ಹಲ್ಲಿನ ಪ್ಲೇಟ್ ಬಿಚ್ಚಿದ್ರೆ ಕೆಳಗೆ ಬಟ್ಟೆ ನೂಲೆಲ್ಲಾ ಒತ್ತಿ ಒತ್ತಿ ಕಂಬಳಿ ಚೂರಿನಂಗೆ ಗಟ್ಟಿಯಾಗಿತ್ತು, ಅದನ್ನ ಸೂಜಿ ತುದೀಲಿ ಕೆದಕಿ ತೆಗೆದ್ಲು, ಹಲ್ಲು ಮೇಲೆ ಬರದೆ ಬಟ್ಟೆ ಮುಂದಕ್ಕೆ ಹೋಗ್ತಿರ್ಲಿಲ್ಲ ಅಂದ್ರೆ ಅದೇ ಕಾರಣ. ಕೆಳಗಿನ ದಾರ ಕೂರೋ ಹೊಸ ಬಾಬಿನ್ ಕೇಸು, ಹೊಸ ಬೆಲ್ಟು, ಸೂಜಿ. ಒಟ್ಟು 350 ಖರ್ಚು. 4,200ಕ್ಕೆ ಮಾರಿದ್ಲು. ಹೊಸದು ಟೇಬಲ್ ಸ್ಟ್ಯಾಂಡ್ ಸಮೇತ ಏಳೆಂಟು ಸಾವಿರ ಅಂತ ಅಂಗಡಿಲಿ ಹೇಳಿದ್ರು, ಹಂಗಾಗಿ ಹೊಸದರ ಅರ್ಧಕ್ಕಿಂತ ಚೂರು ಮೇಲೆ ಅನ್ನೋದು ನಮ್ಮ ಅಳತೆ ಆಯ್ತು.

ಆಡ್ ಬರೆಯೋದ್ರಲ್ಲಿ ಎರಡು ಬದಲಾವಣೆ ಮಾಡಿದ್ವಿ, ಎರಡೂ ಕೆಲಸ ಮಾಡಿತು. ಒಂದು, ನಾನು ಮೊದಲು ಇಂಗ್ಲಿಷಲ್ಲಿ ಗುಡ್ ಕಂಡಿಶನ್ ಅಂತ ಎರಡು ಸಾಲು ಬರೀತಿದ್ದೆ, ಆಮೇಲೆ ಕನ್ನಡದಲ್ಲೇ ಬರೆದ್ವಿ, ಅಕ್ಕ ಹೇಳಿದ್ದನ್ನ ಹಂಗೇ: ಹೊಲಿಗೆ ಬಿಡಲ್ಲ, ಶಟಲ್ ಕ್ಲೀನ್ ಮಾಡಿದೆ, ಬೆಲ್ಟ್ ಹೊಸದು, ಟೇಬಲ್ಲಿನ ಬಲಗಡೆ ಮೂಲೆ ಸನ್‌ಮೈಕಾ ಎದ್ದಿದೆ ಫೋಟೋದಲ್ಲಿ ನೋಡಿ, ಬಂದು ನೀವೇ ಕೂತು ಹೊಲಿದು ನೋಡಿ ತಗೊಳ್ಳಿ. ಹಳ್ಳಿ ಕಡೆಯಿಂದ ಫೋನ್ ಬರೋಕೆ ಶುರುವಾಗಿದ್ದೇ ಆಮೇಲೆ. ಇನ್ನೊಂದು, ಫೋಟೋ ಜೊತೆ ವಿಡಿಯೋ. ಬೆಳಿಗ್ಗೆ ಜಗಲಿ ಬೆಳಕಲ್ಲಿ ಬಿಳಿ ಬಟ್ಟೆ ಮೇಲೆ ಕೆಂಪು ದಾರದಲ್ಲಿ ಉದ್ದಕ್ಕೆ ಒಂದು ಹೊಲಿಗೆ, ಆಮೇಲೆ ಬಟ್ಟೆ ತಿರುಗಿಸಿ ಕೆಳಗಿನ ಹೊಲಿಗೆ ಹತ್ತಿರದಿಂದ. ಹೊಲಿಗೆ ಗೊತ್ತಿರೋರು ಕೆಳಗಿನ ದಾರ ನೋಡಿಯೇ ಮಿಷನ್ ಹೆಂಗಿದೆ ಹೇಳ್ತಾರೆ.

ಊನ ಇದ್ದದ್ದನ್ನ ಮೊದಲೇ ಹೇಳಿದ್ರೆ ಬೆಲೆ ಇಳಿಯುತ್ತೆ ಅಂತ ನನಗೆ ಭಯ ಇತ್ತು. ಆಗಿದ್ದು ಬೇರೆ. ಮೂಲೆ ಎದ್ದಿದೆ ಅಂತ ಓದ್ಕೊಂಡು ಬಂದೋರು ಮೂಲೆ ವಿಷ್ಯಕ್ಕೆ ಚೌಕಾಸಿ ಮಾಡಲ್ಲ. ಬಂದ್ಮೇಲೆ ಕಣ್ಣಿಗೆ ಬಿದ್ರೆ ಮಾತ್ರ ಐನೂರು ಇಳಿಸಿ ಅಂತಾರೆ. ಫೋನಲ್ಲೇ "ಫೈನಲ್ ಎಷ್ಟು ಮೇಡಂ" ಅನ್ನೋರಿಗೆ "ಬಂದು ಮಿಷನ್ ನೋಡಿ ಸರ್, ಕೂತು ಮಾತಾಡೋಣ" ಅನ್ನೋದು ಒಂದೇ ಉತ್ತರ. ಫೋನಿಗೆ ಭಾವನ ನಂಬರ್ ಕೊಟ್ವಿ, ಯಾಕಂದ್ರೆ ಅಕ್ಕನ ನಂಬರಿಗೆ ರಾತ್ರಿ ಹನ್ನೊಂದಕ್ಕೆಲ್ಲಾ ಮೆಸೇಜ್ ಬರ್ತಿತ್ತು. ಮನೆ ವಿಳಾಸ ಹೊರಟ್ಮೇಲೆ ಮಾತ್ರ, ಬರೋದು ಹಗಲಲ್ಲಿ ಮಾತ್ರ. ಹೆಂಗಸರು ಮಾರೋಕೆ ಕೂತಾಗ ಇದೆಲ್ಲಾ ಮೊದಲೇ ಗಟ್ಟಿ ಮಾಡ್ಕೋಬೇಕು.

ಒಂದು ಮಿಷನ್ ಬಗ್ಗೆ ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ತಿ.ನರಸೀಪುರದ ಹತ್ರ ಒಬ್ರು ಅಜ್ಜಿ, ನಾಲ್ಕು ವರ್ಷದಿಂದ ಕೆಟ್ಟಿದೆ ಕಣವ್ವ, ಎಂಟುನೂರು ಕೊಟ್ಟು ತಗೊಂಡೋಗು ಅಂದ್ರು. ಅಕ್ಕ ನೋಡಿದ್ರೆ ಸೂಜಿ ತಿರುಗುಮುರುಗಾಗಿ ಹಾಕಿದೆ, ಅಷ್ಟೇ, ಅದಕ್ಕೆ ಒಂದು ಹೊಲಿಗೆಯೂ ಬೀಳ್ತಿರ್ಲಿಲ್ಲ. ಬೇರೆ ಯಾರೇ ಆಗಿದ್ರೂ ಎಂಟುನೂರು ಕೊಟ್ಟು ಎತ್ಕೊಂಡು ಬರೋರು, ಮೂರು ಸಾವಿರ ಲಾಭ ಕಣ್ಣ್ ಮುಂದೆ. ಇವಳು ಅಲ್ಲೇ ಸೂಜಿ ತಿರುಗಿಸಿ ಹಾಕಿ, ಅಜ್ಜಿ ಸೆರಗಿನ ತುದೀಲೇ ಎರಡಿಂಚು ಹೊಲಿದು ತೋರಿಸಿದ್ಲು. ಅಜ್ಜಿ ಕೊಡಲ್ಲ ಅಂದ್ಬಿಟ್ರು. ಖಾಲಿ ಕೈಲಿ ಬಂದ್ಲು. ಯಾಕೆ ಹೇಳೋಕೆ ಹೋದೆ ಅಂತ ನಾನು ಸಿಟ್ಟು ಮಾಡ್ಕೊಂಡೆ. "ಅವ್ರ ಗಂಡ ತಂದುಕೊಟ್ಟಿದ್ದಂತೆ ಕಣೋ, ಗೊತ್ತಿದ್ದೂ ಗೊತ್ತಿದ್ದೂ ಹೆಂಗೋ ಸುಮ್ನಿರ್ಲಿ" ಅಂದ್ಲು. ಅವತ್ತು ನನ್ನ ಸಿಟ್ಟು ತಪ್ಪು. ನಾವು ಅಂಗಡಿ ಬೋರ್ಡ್ ಇಲ್ದೆ ಮಾರೋರು, ಗೊತ್ತಿಲ್ದೋರ ಮನೆ ಒಳಗೆ ಹೋಗಿ ಕೊಳ್ಳೋರು, ನಮ್ಮ ಹತ್ರ ಇರೋದು ಮಾತು ಒಂದೇ.

ನಷ್ಟವೂ ಆಯ್ತು. ಜೂನಲ್ಲಿ 1,800 ಕೊಟ್ಟು ತಂದಿದ್ದು, ಬಣ್ಣ ಹೊಡೆದು ಥಳಥಳ ಅಂತಿತ್ತು. ಮನೆಗೆ ತಂದು ಬಣ್ಣ ಒರೆಸಿದಾಗ ತೋಳಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಎರಕದ ಕಬ್ಬಿಣ ಬಿರುಕು ಬಿಟ್ರೆ ಬೆಸುಗೆ ನಿಲ್ಲೋದು ಕಷ್ಟ, ಮೆಕ್ಯಾನಿಕ್ಕೂ ಬೇಡ ಅಂದ್ರು. ಅದನ್ನ ಬಿಚ್ಚಿ ಪಾರ್ಟ್ಸಿಗೆ ಇಟ್ಕೊಂಡ್ಲು. ಹೊಸ ಬಣ್ಣ ಹೊಡೆದಿರೋ ಹಳೇ ಮಿಷನ್ ಈಗ ಮುಟ್ಟಲ್ಲ, ತುಕ್ಕು ಹಿಡಿದಿದ್ರೂ ಪರವಾಗಿಲ್ಲ ಅಂತಾಳೆ.

ಒಂದು ಸಿಂಗರ್ ಕಂಪನಿ ಮಿಷನ್ ಬಂತು, ಸ್ಟ್ಯಾಂಡಿನ ಕಬ್ಬಿಣದಲ್ಲೇ ಹೆಸರು ಎರಕ ಹೊಯ್ದಿರುತ್ತಲ್ಲ ಅಂಥದ್ದು. ನಂಬರ್ ಇ ಅಕ್ಷರದಿಂದ ಶುರುವಾಗ್ತಿತ್ತು, ಅಂದ್ರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಫ್ಯಾಕ್ಟರಿದು, ಆ ಫ್ಯಾಕ್ಟರಿ 1980ರಲ್ಲೇ ಮುಚ್ಚಿದೆ. ನಂಬರಿನ ಫೋಟೋನೂ ಆಡಲ್ಲಿ ಹಾಕಿದ್ವಿ. ಬೆಂಗಳೂರಿಂದ ಬಂದೋರು 6,000 ಕೊಟ್ಟು ತಗೊಂಡ್ರು, ಸ್ಟ್ಯಾಂಡಿನ ಮೇಲೆ ಕಲ್ಲು ಹಾಸಿ ಟೇಬಲ್ ಮಾಡ್ತಾರಂತೆ. ಅಷ್ಟು ಚೆನ್ನಾಗಿ ಓಡೋ ಮಿಷನ್ ತಲೆ ಏನ್ ಮಾಡ್ತೀರ ಅಂತ ಅಕ್ಕ ಎರಡು ಸಲ ಕೇಳಿದ್ಲು.

ಸೀಸನ್ ವಿಷ್ಯ. ಆಷಾಢದಲ್ಲಿ ಬ್ಲೌಸ್ ಕೆಲಸ ಇರಲ್ಲ, ಹಂಗಾಗಿ ರಿಪೇರಿಗೆ ಪುರುಸೊತ್ತು ಸಿಕ್ತು, ಆದ್ರೆ ಕೊಳ್ಳೋರೂ ಶ್ರಾವಣ ಬರ್ಲಿ ಅಂತಾರೆ. ವರಮಹಾಲಕ್ಷ್ಮಿ ಹತ್ರ ಬಂದಾಗ ತಗೊಳ್ಳೋರು ಸಾಲು, ಇವಳಿಗೆ ಮಾತ್ರ ತಲೆ ಎತ್ತೋಕೆ ಪುರುಸೊತ್ತಿಲ್ಲ. ಆಷಾಢದಲ್ಲೇ ನಾಲ್ಕು ಮಿಷನ್ ರೆಡಿ ಮಾಡಿಟ್ಟಿದ್ದು ಅದಕ್ಕೇ ಒಳ್ಳೇದಾಯ್ತು. ಸೆಪ್ಟೆಂಬರಲ್ಲಿ ನಮಗೆ ಮಿಷನ್ ಮಾರ್ಬೇಕಿದ್ದ ಒಬ್ರು ಆಯುಧಪೂಜೆ ಆಗ್ಲಿ, ಪೂಜೆ ಮಾಡ್ದೆ ಕೊಡಲ್ಲ ಅಂದ್ರು, ನಾವೂ ಒತ್ತಾಯ ಮಾಡ್ಲಿಲ್ಲ.

ಜುಲೈಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಹೋದಾಗ ಅಕ್ಕ ಹೆದರಿ ಇನ್ಮೇಲೆ ಬರೀ ಕ್ಯಾಶು ಅಂದ್ಲು. ಕೂರಿಸ್ಕೊಂಡು ಹೇಳ್ಬೇಕಾಯ್ತು. ಸರಕು ಮಾರೋರಿಗೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ನಮ್ಮದು ಲಕ್ಷದ ಹತ್ರಕ್ಕೂ ಹೋಗಿಲ್ಲ. ಮನೇಲಿ ಬಳಸ್ತಿದ್ದ ಸೈಕಲ್ಲು ಮಿಕ್ಸಿ ಮಾರಿದ್ದಕ್ಕೆ ಆದಾಯ ತೆರಿಗೆ ತಲೆನೋವೂ ಇಲ್ಲ, ತಗೊಂಡು ಮಾರಿದ್ದರ ಲಾಭ ಮಾತ್ರ ವ್ಯಾಪಾರದ ಆದಾಯ, ಅದಕ್ಕೇ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯೋದು. ಕೊಳ್ಳುವಾಗ ಒಂದು ಚೀಟಿ, ಮಾರಿದೋರ ಸಹಿ, ಮಿಷನ್ ನಂಬರು, ಮಿಷನ್ ಜೊತೆ ಒಂದು ಫೋಟೋ. ಒಬ್ಬ ಹುಡುಗ ಕಮ್ಮಿಗೆ ಮೊಬೈಲ್ ಕೊಡ್ತೀನಿ ಮಾರ್ಕೊಡಿ ಅಂತ ಬಂದಿದ್ದ, ಬಿಲ್ ಇರ್ಲಿಲ್ಲ, ಬೇಡ ಅಂದ್ವಿ. ಹಳೇ ಫೋನ್ ಕೊಳ್ಳೋರು ಐಎಂಇಐ ನಂಬರನ್ನ (ಒಂದೊಂದು ಫೋನಿಗೂ ಬೇರೆ ಬೇರೆ ಇರೋ ನಂಬರು) ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಹಾಕಿ ನೋಡ್ದೆ ಮುಟ್ಟಲೇಬಾರದು, ಕಳ್ಳತನ ಅಂತ ದೂರು ಕೊಟ್ಟು ಬ್ಲಾಕ್ ಮಾಡಿಸಿದ್ರೆ ಅದು ಅಲ್ಲಿ ಗೊತ್ತಾಗುತ್ತೆ.

ಈಗ ಲೆಕ್ಕ. ಏಪ್ರಿಲಿಂದ ಸೆಪ್ಟೆಂಬರ್ ತನಕ ಒಂಬತ್ತು ಮಿಷನ್ ಕೊಂಡಿದ್ದು, ಒಟ್ಟು 15,300. ಪಾರ್ಟ್ಸು, ಎಣ್ಣೆ, ಬೆಲ್ಟು 3,150. ಅಕ್ಕನ ಕೈಲಾಗದ ಎರಡಕ್ಕೆ ಮೆಕ್ಯಾನಿಕ್ 900. ಗೂಡ್ಸ್ ಆಟೋ, ಹಾಸನಕ್ಕೆ ಒಂದನ್ನ ಕೆಎಸ್ಆರ್‌ಟಿಸಿ ನಮ್ಮ ಕಾರ್ಗೋಲಿ ಕಳಿಸಿದ್ದು ಎಲ್ಲಾ ಸೇರಿ 2,400. ಅಲ್ಲಿಗೆ 21,750 ಖರ್ಚು. ಮಾರಿದ್ದು ಏಳು, ಬಂದಿದ್ದು 30,500. ಉಳಿದಿದ್ದು 8,750, ಜೊತೆಗೆ ಬಿರುಕಿನ ಮಿಷನ್ನಿನ ಪಾರ್ಟ್ಸು ಮತ್ತೆ ಮಾರದೆ ಉಳಿದ ಒಂದು. ಮನೆ ಸಾಮಾನಿಂದ 8,100 ಬಂದಿತ್ತು, ಮಂಚದ ಮೋಸಕ್ಕೆ 2,500 ಕಳೆದ್ರೆ 5,600. ಒಂಬತ್ತು ತಿಂಗಳಿಗೆ ಒಟ್ಟು 14,350.

ತಿಂಗಳಿಗೆ ನಾಲ್ಕು ಸಾವಿರ ಅನ್ಕೊಂಡಿದ್ದು ಆಗ್ಲಿಲ್ಲ. ಮಿಷನ್ ವ್ಯಾಪಾರ ಒಂದನ್ನೇ ತಗೊಂಡ್ರೆ ತಿಂಗಳಿಗೆ ಸರಾಸರಿ 1,458 ಅಷ್ಟೇ. ಓಡಾಟ, ಫೋನು, ರಿಪೇರಿ, ಬಂದೋರಿಗೆ ತೋರಿಸೋದು ಸೇರಿ ಒಂದು ಮಿಷನ್ನಿಗೆ ಹತ್ತು ಗಂಟೆ ಹಿಡಿದಿದೆ, ಅಂದ್ರೆ ಗಂಟೆಗೆ ನೂರು ರೂಪಾಯಿ ಹತ್ರ. ಸಾದಾ ಬ್ಲೌಸಿಗೆ 150 ತಗೊಂಡು ಒಂದೂವರೆ ಗಂಟೆ ಕೂತ್ರೂ ಅಷ್ಟೇ ಬೀಳೋದು. ಇದನ್ನ ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಬೇಜಾರಾಯ್ತು. ಅಕ್ಕನಿಗೆ ಆಗ್ಲಿಲ್ಲ. ಬ್ಲೌಸ್ ಬರದೇ ಇರೋ ತಿಂಗಳಲ್ಲಿ ಆ ಗಂಟೆಗಳಿಗೆ ಬೆಲೆನೇ ಇರ್ತಿರ್ಲಿಲ್ಲ ಅಲ್ವಾ ಅಂತಾಳೆ. ಅದು ನಿಜ. ಜೂನಲ್ಲಿ ಫೀಸ್ ಕಂತು ಕಟ್ಟಿದ್ದೂ ಈ ದುಡ್ಡಲ್ಲೇ. ಮುಂದೆ ಲಾಭ ಹೆಚ್ಚಾಗ್ಬೇಕಂದ್ರೆ ಮಾರೋ ಬೆಲೆ ಏರಿಸಿ ಪ್ರಯೋಜನ ಇಲ್ಲ, ಕೊಳ್ಳುವಾಗ ಬಿರುಕಿನಂಥದ್ದು ತಪ್ಪಿಸ್ಬೇಕು, ಗೂಡ್ಸ್ ಆಟೋ ಖರ್ಚು ಕೊಳ್ಳೋರೇ ಕೊಡೋ ಹಂಗೆ ಮೊದಲೇ ಮಾತಾಡ್ಬೇಕು. ಆ 2,400 ಪೂರ್ತಿ ನಾವೇ ಹೊತ್ತಿದ್ದು ತಪ್ಪು.

ಉಳಿದಿದ್ದ ಒಂದು ದಸರಾ ಕಳೆದ್ಮೇಲೆ ಹೋಯ್ತು. ಹುಣಸೂರು ಕಡೆ ಹುಡುಗಿ, ಟೈಲರಿಂಗ್ ಕ್ಲಾಸಿಗೆ ಹೋಗ್ತಿದಾಳೆ, ಅವ್ರಮ್ಮನ ಜೊತೆ ಬಂದು ಇಪ್ಪತ್ತು ನಿಮಿಷ ಕೂತು ಹೊಲಿದು ನೋಡಿ 3,700 ಕೊಟ್ಟು ಆಟೋಲಿ ಹಾಕ್ಕೊಂಡು ಹೋದ್ಲು. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಫೋನು, ಅಕ್ಕಾ ಕೆಳಗಡೆ ದಾರ ಗಂಟು ಗಂಟಾಗ್ತಿದೆ, ಮಿಷನ್ ಕೆಟ್ಟೋಯ್ತಾ ಅಂತ, ಅಳೋ ಹಂಗಿತ್ತು ದನಿ. ಅಕ್ಕ ದೋಸೆ ಹೆಂಚು ಇಳಿಸಿ ಫೋನ್ ಸ್ಪೀಕರಿಗೆ ಹಾಕಿದ್ಲು. "ಏನೂ ಕೆಟ್ಟಿಲ್ಲ ಕಣಮ್ಮ, ಕೆಳಗೆ ಗಂಟಾದ್ರೆ ಮೇಲಿನ ದಾರ ನೋಡ್ಬೇಕು. ಬಟ್ಟೆ ಒತ್ತೋ ಫುಟ್ ಮೇಲಕ್ಕೆ ಎತ್ತು. ಎತ್ತಿದ್ಯಾ? ಈಗ ದಾರ ಪೂರ್ತಿ ತೆಗೆದು ಮೊದಲಿಂದ ಹಾಕ್ಕೊಂಡು ಬಾ, ಆ ಎರಡು ಬಿಲ್ಲೆ ಮಧ್ಯೆ ದಾರ ಒಳಗೆ ಕೂರ್ಬೇಕು." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಮಿಷನ್ ತುಳಿಯೋ ಸದ್ದು ಕೇಳಿಸ್ತು, ಒಂದೇ ಸಮ.